ಮನೆಯ ಬ್ರಾಡ್‌ಬ್ಯಾಂಡಿಗೆ ಬದಲಿ ತಂತಿ ರೌಟರ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗಡಿಯಾಚೆಯ ಕನ್ನಡ ಮಾಧ್ಯಮದ ಮನೆಗಳಲ್ಲಿ ಅಂತರಜಾಲವು ಇಂದು ಪಠ್ಯಪುಸ್ತಕದ ಕಪಾಟಿನ ಸ್ಥಾನವನ್ನೂ ಪಡೆದುಕೊಂಡಿದೆ. ಮಹಾರಾಷ್ಟ್ರದ ಬಾಲಭಾರತಿಯ ಕನ್ನಡ ಪುಸ್ತಕಗಳು, 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳು, 2020ರ ಜೂನ್ 1ರಂದು ಕೇರಳದ ಕೈಟ್ ವಿಕ್ಟರ್ಸ್ ಆರಂಭಿಸಿದ ಫಸ್ಟ್ ಬೆಲ್ ಮಾಲಿಕೆಯಲ್ಲಿ ಕನ್ನಡ ಮಾಧ್ಯಮಕ್ಕೆಂದು ಸಿದ್ಧವಾದ ತರಗತಿಗಳು, ಇವೆಲ್ಲವೂ ನಮ್ಮ ಮಕ್ಕಳನ್ನು ತಲುಪುವುದು ಒಂದು ಎಳೆಯ ಮೂಲಕ. ರಾಜ್ಯಭಾಷೆಯ ಮಾಧ್ಯಮದಲ್ಲಿ ಓದುವ ನೆರೆಮನೆಯ ಮಗುವಿಗೆ ಸಂಪರ್ಕ ಕಡಿದರೆ ಪೇಟೆಯ ಅಂಗಡಿಯಲ್ಲಿ ಗೈಡ್ ಸಿಗುತ್ತದೆ, ಟ್ಯೂಷನ್ ಸಿಗುತ್ತದೆ. ಕನ್ನಡದಲ್ಲಿ ಓದುವ ಮಗುವಿಗೆ ಆ ಅನುಕೂಲ ಅಪರೂಪ. ಹೀಗಾಗಿ ರೌಟರ್ ಕೆಟ್ಟು ಎರಡು ವಾರ ಮನೆ ಮೌನವಾದರೆ ಅದರ ಭಾರ ನಮ್ಮ ಮಕ್ಕಳ ಮೇಲೆ ಹೆಚ್ಚು ಬೀಳುತ್ತದೆ. ಕೆಟ್ಟ ಪೆಟ್ಟಿಗೆಗೆ ಬದಲಾಗಿ ತಂತಿ ರೌಟರನ್ನು ಆರಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಮೊದಲು ಕೆಟ್ಟಿರುವುದು ಯಾವುದೆಂದು ಗೊತ್ತಾಗಲಿ

ಫೈಬರ್ ಸಂಪರ್ಕವಿರುವ ಮನೆಯಲ್ಲಿ ಎರಡು ಕೆಲಸಗಳು ನಡೆಯುತ್ತಿರುತ್ತವೆ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಒಂದು. ಇದನ್ನು ಮಾಡುವ ಪೆಟ್ಟಿಗೆ ಒಎನ್‌ಟಿ, ಕೆಲವೆಡೆ ಒಎನ್‌ಯು ಎನ್ನುತ್ತಾರೆ. ಹಾಗೆ ಬಂದ ಒಂದೇ ಸಂಪರ್ಕವನ್ನು ಮನೆಯ ಹಲವು ಸಾಧನಗಳಿಗೆ ಹಂಚುವುದು ಇನ್ನೊಂದು. ಇದು ರೌಟರಿನ ಕೆಲಸ. ಅನೇಕ ಮನೆಗಳಲ್ಲಿ ಎರಡೂ ಕೆಲಸಗಳನ್ನು, ಜೊತೆಗೆ ವೈಫೈಯನ್ನೂ, ಕಂಪನಿ ಕೊಟ್ಟ ಒಂದೇ ಪೆಟ್ಟಿಗೆ ಮಾಡುತ್ತಿರುತ್ತದೆ. ಆದ್ದರಿಂದಲೇ ಜನ ಎಲ್ಲವನ್ನೂ ಮೋಡೆಮ್ ಎಂದೇ ಕರೆಯುತ್ತಾರೆ. ಅಂಗಡಿಯಲ್ಲಿ ತಪ್ಪು ವಸ್ತು ಕೈಸೇರುವುದೂ ಇದೇ ಗೊಂದಲದಿಂದ.

ಒಎನ್‌ಟಿಯ ಮೇಲೆ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ ಎಂದರ್ಥ. ಎಳೆ ಎಲ್ಲೋ ತುಂಡಾಗಿದೆ ಅಥವಾ ತೀರ ಬಾಗಿದೆ. ಎಂಥ ಹೊಸ ರೌಟರ್ ತಂದರೂ ಅದು ಸರಿಹೋಗದು. ಕಂಪನಿಗೆ ದೂರು ಕೊಡಬೇಕು. ಪಿಒಎನ್ ಎಂಬ ದೀಪ ಹಸಿರಾಗಿ ಅಲುಗದೆ ನಿಂತಿದ್ದು, ಆದರೂ ಅಂತರಜಾಲ ಬಾರದಿದ್ದರೆ ಒಂದು ಪರೀಕ್ಷೆ ಮಾಡಬಹುದು. ಲ್ಯಾಪ್‌ಟಾಪನ್ನು ಕೇಬಲ್ಲಿನ ಮೂಲಕ ನೇರವಾಗಿ ಒಎನ್‌ಟಿಗೆ ಜೋಡಿಸಿ ನೋಡುವುದು. ಕೇಬಲ್ಲಿನಲ್ಲಿ ಸರಿಯಾಗಿ ಬಂದು ವೈಫೈಯಲ್ಲಿ ಮಾತ್ರ ಬಾರದಿದ್ದರೆ ದೋಷ ವೈಫೈಯದು. ಗೋಡೆಯಾಚೆ ಮಾತ್ರ ದುರ್ಬಲವಾಗಿದ್ದರೆ ಅದು ದೋಷವೂ ಅಲ್ಲ, ಮನೆಯ ಸ್ವಭಾವ. ಕಾಸರಗೋಡಿನ ಮುರಕಲ್ಲಿನ ಗೋಡೆಯಾಗಲಿ, ಅಕ್ಕಲಕೋಟೆಯ ಕಡೆಯ ಕರಿಕಲ್ಲಿನ ದಪ್ಪ ಗೋಡೆಯಾಗಲಿ ವೈಫೈಯನ್ನು ಸುಲಭವಾಗಿ ಒಳಬಿಡುವುದಿಲ್ಲ.

ಇನ್ನೂ ತಾಮ್ರದ ದೂರವಾಣಿ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಪಡೆಯುತ್ತಿರುವವರಿಗೆ ತಂತಿ ರೌಟರ್ ಒಂದೇ ಸಾಲದು. ಅದರ ಮುಂದೆ ಎಡಿಎಸ್‌ಎಲ್ ಮೋಡೆಮ್ ಇರಲೇಬೇಕು. ಆ ತಂತ್ರದ ಗರಿಷ್ಠ ಮಿತಿಯೇ ಸೆಕೆಂಡಿಗೆ ಸುಮಾರು 24 ಮೆಗಾಬಿಟ್. ಊರಿಗೆ ಫೈಬರ್ ಬಂದಿದ್ದರೆ ಹಳೆಯ ಮೋಡೆಮ್‌ಗೆ ಹಣ ಸುರಿಯುವ ಬದಲು ಫೈಬರಿಗೆ ಬದಲಾಗುವುದು ಲೇಸು. ಕೇರಳದಲ್ಲಿ 2023ರ ಜೂನ್ 5ರಂದು ಉದ್ಘಾಟನೆಗೊಂಡ ಕೆ-ಫೋನ್, ಆಂಧ್ರದಲ್ಲಿ ಎಪಿ ಫೈಬರ್‌ನೆಟ್, ಎಲ್ಲೆಡೆ ಬಿಎಸ್‌ಎನ್‌ಎಲ್ ಮತ್ತು ಖಾಸಗಿ ಕಂಪನಿಗಳ ಎಳೆಗಳು ಇಂದು ಸಣ್ಣ ಊರುಗಳನ್ನೂ ಮುಟ್ಟುತ್ತಿವೆ.

ತಂತಿ ರೌಟರ್ ಏಕೆ

ವೈಫೈ ಇಲ್ಲದ, ಕೇವಲ ಕೇಬಲ್ ಪೋರ್ಟುಗಳಿರುವ ರೌಟರನ್ನು ಇಲ್ಲಿ ತಂತಿ ರೌಟರ್ ಎಂದು ಕರೆದಿದ್ದೇವೆ. ಅದರ ಮುಖ್ಯ ಗುಣ, ಕೆಲಸಗಳನ್ನು ಬೇರ್ಪಡಿಸುವುದು. ವೈಫೈಯ ತಂತ್ರ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ; ಹಂಚುವ ಕೆಲಸ ಅಷ್ಟು ಬೇಗ ಹಳತಾಗುವುದಿಲ್ಲ. ಎರಡೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದರೆ ಒಂದು ಕೆಟ್ಟಾಗ ಒಂದನ್ನೇ ಬದಲಿಸಬಹುದು. ರೌಟರ್ ಒಎನ್‌ಟಿಯ ಪಕ್ಕದಲ್ಲೇ ಇದ್ದು, ಒಂದು ಕೇಬಲ್ ಮಗು ಓದುವ ಕೋಣೆಗೂ ಇನ್ನೊಂದು ನಡುಮನೆಯ ವೈಫೈ ಆಕ್ಸೆಸ್ ಪಾಯಿಂಟಿಗೂ ಹೋದರೆ ದಪ್ಪ ಗೋಡೆಯ ತೊಂದರೆ ಅಲ್ಲಿಗೇ ಮುಗಿಯುತ್ತದೆ. ತರಗತಿಯ ವಿಡಿಯೊ ನಿಂತು ನಿಂತು ಬರುವುದಕ್ಕೆ ವೇಗದ ಕೊರತೆಗಿಂತ ವೈಫೈಯ ಅಸ್ಥಿರತೆಯೇ ಹೆಚ್ಚಾಗಿ ಕಾರಣವೆಂಬುದು ನಮ್ಮ ಅಭಿಪ್ರಾಯ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ನಿಗದಿಪಡಿಸಿದ ಕನಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. ಅಷ್ಟು ಸ್ಥಿರವಾಗಿ ಬಂದರೂ ಒಂದು ಪಾಠದ ವಿಡಿಯೊ ಸಾಧಾರಣ ಗುಣಮಟ್ಟದಲ್ಲಿ ಓಡುತ್ತದೆ.

ಆದರೂ ಎಲ್ಲರಿಗೂ ಇದು ಬೇಕಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಎರಡು ಕೋಣೆಯ ಮನೆ, ಎರಡು ಮೊಬೈಲು, ಒಂದು ಟಿವಿ ಇದ್ದಲ್ಲಿ ಕಂಪನಿಯ ಪೆಟ್ಟಿಗೆಯೇ ಸಾಕು. ಅದು ಕೆಟ್ಟರೆ ಅದನ್ನೇ ಬದಲಿಸಿಕೊಡುವಂತೆ ಕೇಳುವುದು ಸರಿ. ತಂತಿ ರೌಟರಿನ ಬೆಲೆ ಅಗ್ಗದ ವೈಫೈ ರೌಟರಿಗಿಂತ ಎರಡು ಮೂರು ಪಟ್ಟು ಇರುತ್ತದೆ, ವೈಫೈಗೆ ಬೇರೆ ಸಾಧನವೂ ಬೇಕಾಗುತ್ತದೆ. ಮನೆಯಲ್ಲಿ ಹಳೆಯ ವೈಫೈ ರೌಟರ್ ಇದ್ದು ಅದರ ಆಂಟೆನಾ ಭಾಗ ಮಾತ್ರ ದುರ್ಬಲವಾಗಿದ್ದರೆ, ಅದರ ವೈಫೈ ನಿಲ್ಲಿಸಿ ತಂತಿ ರೌಟರಾಗಿಯೇ ಬಳಸಬಹುದು. ಖರ್ಚಿಲ್ಲದ ಈ ದಾರಿಯನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಅಂಗಡಿಯಲ್ಲಿ ಇನ್ನೊಂದು ಎಚ್ಚರ ಬೇಕು. ಐದು ಪೋರ್ಟಿನ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆ ನೋಡಲು ತಂತಿ ರೌಟರಿನಂತೆಯೇ ಇರುತ್ತದೆ, ಬೆಲೆಯೂ ಬಹಳ ಕಡಿಮೆ. ಆದರೆ ಸ್ವಿಚ್ ರೌಟರಲ್ಲ. ಅದು ಇರುವ ಜಾಲದ ಪೋರ್ಟುಗಳನ್ನು ಹೆಚ್ಚಿಸಬಲ್ಲದೇ ಹೊರತು ಕಂಪನಿಯ ಸಂಪರ್ಕಕ್ಕೆ ಲಾಗಿನ್ ಆಗಲಾರದು, ಮನೆಯ ಸಾಧನಗಳಿಗೆ ವಿಳಾಸ ಹಂಚಲಾರದು. ಪೆಟ್ಟಿಗೆಯ ಮೇಲೆ ಒಂದು ಪೋರ್ಟಿಗಾದರೂ ವ್ಯಾನ್ ಎಂಬ ಗುರುತು ಇದೆಯೇ ಎಂದು ನೋಡಿದರೆ ಮೋಸಹೋಗುವ ಸಂಭವವಿಲ್ಲ.

ಕಂಪನಿಯವರಿಂದ ಪಡೆದಿಟ್ಟುಕೊಳ್ಳಬೇಕಾದ ವಿವರಗಳು

ರೌಟರ್ ಬದಲಿಸುವಲ್ಲಿ ನಿಜವಾದ ತೊಡಕು ಇಲ್ಲಿದೆ, ಬೆಲೆಯಲ್ಲಲ್ಲ. ಬಿಎಸ್‌ಎನ್‌ಎಲ್ ಹಾಗೂ ಅನೇಕ ಸ್ಥಳೀಯ ಕಂಪನಿಗಳ ಸಂಪರ್ಕ ಪಿಪಿಪಿಒಇ ಎಂಬ ವಿಧಾನದಲ್ಲಿ ನಡೆಯುತ್ತದೆ. ಅಂದರೆ ರೌಟರ್ ಒಂದು ಹೆಸರು ಮತ್ತು ಗುಪ್ತಪದ ಕೊಟ್ಟು ಒಳಹೋಗಬೇಕು. ಜೊತೆಗೆ ವಿಲ್ಯಾನ್ ಸಂಖ್ಯೆ ಎಂಬ ಇನ್ನೊಂದು ಅಂಕಿಯೂ ಬೇಕಾಗಬಹುದು. ಇದು ಊರಿಂದೂರಿಗೆ, ಎಳೆ ಎಳೆದ ಗುತ್ತಿಗೆದಾರರಿಂದ ಗುತ್ತಿಗೆದಾರರಿಗೆ ಬೇರೆಯಾಗಿರುತ್ತದೆ. ಈ ವಿವರಗಳು ತಂತ್ರಜ್ಞರ ತಲೆಯಲ್ಲೋ ಮೊಬೈಲಿನಲ್ಲೋ ಇರುತ್ತವೆ, ಮನೆಯವರ ಕೈಯಲ್ಲಿ ಇರುವುದಿಲ್ಲ. ಬರುವ ತಂತ್ರಜ್ಞರು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿ, ತೆಲುಗಿನಲ್ಲೋ ಮಾತಾಡಿ ಅವಸರದಲ್ಲಿ ಹೊರಟುಬಿಡುವಾಗ ಮನೆಯ ಹಿರಿಯರಿಗೆ ಕೇಳಲು ಸಂಕೋಚವಾಗುವುದು ಸಹಜ. ಆದರೂ ಕೇಳಲೇಬೇಕು. ಹಣ ತೆರುವ ಗ್ರಾಹಕರು ತಮ್ಮ ಖಾತೆಯ ಹೆಸರು, ಗುಪ್ತಪದ, ವಿಲ್ಯಾನ್ ಸಂಖ್ಯೆಗಳನ್ನು ಕೇಳುವುದರಲ್ಲಿ ಅತಿಯಾದುದೇನೂ ಇಲ್ಲ. ಕಾಗದದ ಮೇಲೆ ಬರೆಸಿಕೊಂಡು ಪಡಿತರ ಚೀಟಿ ಇಡುವ ಕಡತದಲ್ಲೇ ಇಟ್ಟುಕೊಳ್ಳುವುದು ಉತ್ತಮ.

ಇನ್ನೊಂದು ಕೋರಿಕೆಯೂ ಉಂಟು: ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ ಎಂಬುದು. ಹಾಗೆ ಮಾಡಿದರೆ ಒಎನ್‌ಟಿ ಬೆಳಕನ್ನು ಮಾರ್ಪಡಿಸುವ ಕೆಲಸವನ್ನಷ್ಟೇ ಮಾಡಿ ಉಳಿದುದನ್ನು ಹೊಸ ರೌಟರಿಗೆ ಬಿಡುತ್ತದೆ. ಕೆಲವು ಕಂಪನಿಗಳು ಇದಕ್ಕೆ ಒಪ್ಪುವುದಿಲ್ಲ. ಒಪ್ಪದಿದ್ದರೂ ಹೊಸ ರೌಟರನ್ನು ಒಎನ್‌ಟಿಯ ಹಿಂದೆ ಜೋಡಿಸಬಹುದು. ಪಾಠ, ವಿಡಿಯೊ, ಹುಡುಕಾಟಗಳಿಗೆ ಅಡ್ಡಿಯಿಲ್ಲ. ಆಗ ಎರಡೂ ಪೆಟ್ಟಿಗೆಗಳು ಒಂದೇ ಬಗೆಯ ವಿಳಾಸ ಹಂಚಿ ಗೊಂದಲವಾಗದಂತೆ ನೋಡಿಕೊಳ್ಳಬೇಕು. ಒಎನ್‌ಟಿಯದು 192.168.1.1 ಆಗಿದ್ದರೆ ರೌಟರಿನದನ್ನು 192.168.10.1 ಎಂದು ಬದಲಿಸಿದರಾಯಿತು. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲು ಮಾತ್ರ ಈ ಜೋಡಣೆಯಲ್ಲಿ ತೊಂದರೆಯಾಗಬಹುದು. ರೌಟರಿಗೆ ಸಿಕ್ಕ ಹೊರವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ಕಂಪನಿಯೇ ಒಂದು ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ರೌಟರ್ ಬದಲಿಸಿ ಅದನ್ನು ಮೀರಲಾಗದು.

ಸ್ಥಳೀಯ ಕೇಬಲ್ ಕಂಪನಿಗಳಲ್ಲಿ ಕೆಲವು ಹಳೆಯ ಸಾಧನದ ಮ್ಯಾಕ್ ವಿಳಾಸವನ್ನು ಗುರುತಿಟ್ಟುಕೊಂಡಿರುತ್ತವೆ. ಹೊಸದು ಎಷ್ಟೇ ಸರಿಯಿದ್ದರೂ ಒಳಬಿಡುವುದಿಲ್ಲ. ಕಚೇರಿಗೆ ಕರೆ ಮಾಡಿ ಹೊಸ ವಿಳಾಸ ನೋಂದಾಯಿಸಬೇಕು, ಇಲ್ಲವೇ ರೌಟರಿನಲ್ಲಿರುವ ಮ್ಯಾಕ್ ಕ್ಲೋನ್ ಸೌಲಭ್ಯದಿಂದ ಹಳೆಯ ವಿಳಾಸವನ್ನೇ ನಮೂದಿಸಬೇಕು.

ಒಎನ್‌ಟಿಯೇ ಸುಟ್ಟಿದ್ದರೆ ಪೇಟೆಯಿಂದ ತಂದು ಹಾಕಲು ಹೊರಡಬಾರದು. ಅದರ ಕ್ರಮಸಂಖ್ಯೆ ಕಂಪನಿಯ ಯಂತ್ರದಲ್ಲಿ ನೋಂದಣಿಯಾಗಬೇಕು, ಅವರ ಜಾಲದ ಬಗೆಗೂ ಹೊಂದಬೇಕು. ಮನೆಯ ಸ್ಥಿರ ದೂರವಾಣಿ ಫೈಬರಿನ ಮೂಲಕವೇ ನಡೆಯುತ್ತಿದ್ದರೆ ಅದರ ತಂತಿ ಒಎನ್‌ಟಿಗೇ ಸೇರಿರುತ್ತದೆ. ಬ್ರಿಡ್ಜ್ ಮಾಡಿಸುವಾಗ ಅಜ್ಜ ಅಜ್ಜಿಯರ ಫೋನು ಮೂಕವಾಗದಂತೆ ಮೊದಲೇ ಹೇಳಿಡಬೇಕು. ತಂತಿ ರೌಟರಿನಲ್ಲಿ ಫೋನಿನ ಪೋರ್ಟ್ ಇರುವುದಿಲ್ಲ.

ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ ಕೇಳಿ ಬರೆದುಕೊಳ್ಳಬೇಕು. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಆ ಸಂಖ್ಯೆ ಕೊಡುವುದು ಕಂಪನಿಯ ಕರ್ತವ್ಯ. ಪರಿಹಾರ ತೃಪ್ತಿಕರವಲ್ಲದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವಿದೆ.

ಆಯ್ಕೆ

ಪೋರ್ಟುಗಳು ಗಿಗಾಬಿಟ್ ಆಗಿರಬೇಕು. ಹಳೆಯ 100 ಮೆಗಾಬಿಟ್ ಪೋರ್ಟಿನಲ್ಲಿ ವಾಸ್ತವವಾಗಿ ಸಿಗುವುದು 94ರ ಆಸುಪಾಸು ಮಾತ್ರ. ಇಂದಿನ ಯೋಜನೆಗಳು ಅದನ್ನು ದಾಟಿವೆ. ಐಪಿವಿ6 ಬೆಂಬಲ ಇರಲೇಬೇಕು, ಪಿಪಿಪಿಒಇ ಮತ್ತು ವಿಲ್ಯಾನ್ ಎರಡನ್ನೂ ವ್ಯಾನ್ ಪೋರ್ಟಿನಲ್ಲಿ ನಮೂದಿಸಲು ಬರಬೇಕು. ತಯಾರಕರು ಈಗಲೂ ಫರ್ಮ್‌ವೇರ್ ನವೀಕರಣ ಕೊಡುತ್ತಿದ್ದಾರೆಯೇ ಎಂಬುದು ಇವೆಲ್ಲಕ್ಕಿಂತ ಮುಖ್ಯ. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳನ್ನು ಸೋಂಕಿಸಿತ್ತು. ಅವುಗಳಲ್ಲಿ ಮನೆ ಮತ್ತು ಸಣ್ಣ ಕಚೇರಿಗಳ ರೌಟರುಗಳೇ ಹೆಚ್ಚು. ಹಳೆಯ ದಾಸ್ತಾನಿನ ಅಗ್ಗದ ರೌಟರ್ ಕೊಳ್ಳುವ ಮುನ್ನ ಈ ಸಂಗತಿ ನೆನಪಿನಲ್ಲಿರಲಿ.

ನಮ್ಮ ದೇಶದ ಪೇಟೆಯಲ್ಲಿ ಕಾಣುವ ಮೂರು ಹೆಸರುಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ. ಟಿಪಿ-ಲಿಂಕ್‌ನ ಇಆರ್605 ಐದು ಗಿಗಾಬಿಟ್ ಪೋರ್ಟುಗಳ ರೌಟರ್. ವೆಬ್ ಪುಟದ ಮೂಲಕ ಹೊಂದಿಸುವುದು ಹೋಲಿಕೆಯಲ್ಲಿ ಸುಲಭ. ಒಂದಕ್ಕಿಂತ ಹೆಚ್ಚು ಪೋರ್ಟುಗಳನ್ನು ವ್ಯಾನ್ ಮಾಡಿಕೊಂಡು ಎರಡು ಕಂಪನಿಗಳ ಸಂಪರ್ಕ ಜೋಡಿಸಬಹುದು. ಒಂದು ಕಡಿದರೆ ಇನ್ನೊಂದು ತಾನಾಗಿ ಮುಂದುವರಿಯುತ್ತದೆ. ಇದರ ಎರಡನೆಯ ಆವೃತ್ತಿಯಲ್ಲಿ ಯುಎಸ್‌ಬಿ ಪೋರ್ಟಿದ್ದು ಹೊಂದುವ 4ಜಿ ಡಾಂಗಲ್ ಚುಚ್ಚಬಹುದು. ರಸ್ತೆ ಅಗಲೀಕರಣದ ಜೆಸಿಬಿ ತಿಂಗಳಿಗೊಮ್ಮೆ ಎಳೆ ತುಂಡರಿಸುವ ಊರುಗಳಲ್ಲಿ, ಹತ್ತನೆಯ ತರಗತಿಯ ಮಗುವಿರುವ ಮನೆಗೆ, ನಾವು ಮೊದಲು ಸೂಚಿಸುವುದು ಇದನ್ನೇ.

ಲಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿಯ ಹೆಕ್ಸ್ ಎಂಬುದು ಗಾತ್ರದಲ್ಲಿ ಕಿರಿದು, ಸಾಮರ್ಥ್ಯದಲ್ಲಿ ಹಿರಿದು. ಆರ್‌ಬಿ750ಜಿಆರ್3 ಮಾದರಿ 8ರಿಂದ 30 ವೋಲ್ಟ್‌ವರೆಗಿನ ನೇರ ವಿದ್ಯುತ್ತನ್ನು ಸ್ವೀಕರಿಸುತ್ತದೆ, ಆದ್ದರಿಂದ 12 ವೋಲ್ಟಿನ ಸಣ್ಣ ಯುಪಿಎಸ್ಸಿಗೆ ನೇರವಾಗಿ ಜೋಡಿಸಬಹುದು. ಆದರೆ ಅದರ ರೌಟರ್‌ಒಎಸ್ ತಂತ್ರಾಂಶ ಕಲಿತವರಿಗಷ್ಟೇ ಹಿತ. ಮನೆಯಲ್ಲೋ ಊರಿನಲ್ಲೋ ಬಲ್ಲವರೊಬ್ಬರಿಲ್ಲದಿದ್ದರೆ ಇದು ಬೇಡ. ಯುಬಿಕ್ವಿಟಿಯ ಎಡ್ಜ್‌ರೌಟರ್ ಎಕ್ಸ್ ಒಂದು ಕಾಲದಲ್ಲಿ ಬಹು ಮೆಚ್ಚಿನದಾಗಿತ್ತು. ಈಗ ಅದರ ವಿನ್ಯಾಸ ಹಳೆಯದು; ಯಾರಾದರೂ ಬಳಸಿದ್ದನ್ನು ಕಡಿಮೆ ಬೆಲೆಗೆ ಕೊಟ್ಟರೆ, ಅದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ ಬಳಸುವ ಉತ್ಸಾಹವಿದ್ದರೆ, ತೆಗೆದುಕೊಳ್ಳಬಹುದು.

ಅಣ್ಣ ಸಿನಿಮಾ ಇಳಿಸಿಕೊಳ್ಳುತ್ತಿರುವಾಗ ತಂಗಿಯ ತರಗತಿ ತಡವರಿಸುವುದನ್ನು ಎಲ್ಲ ಮನೆಗಳೂ ಬಲ್ಲವು. ರೌಟರಿನಲ್ಲಿ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಎಂಬ ಸೌಲಭ್ಯವಿದ್ದರೆ ಸಂಪರ್ಕದ ನಿಜವಾದ ವೇಗದ ಶೇಕಡಾ 90ರಷ್ಟನ್ನು ಮಿತಿಯಾಗಿ ನಮೂದಿಸಬೇಕು. ಸಾಲು ಕಂಪನಿಯ ಯಂತ್ರದಲ್ಲಿ ಬೆಳೆಯುವ ಬದಲು ನಮ್ಮ ರೌಟರಿನ ಹಿಡಿತದಲ್ಲಿರುತ್ತದೆ, ಎಲ್ಲರಿಗೂ ಸರದಿ ಸಿಗುತ್ತದೆ. ಇದನ್ನು ಚಾಲೂ ಮಾಡಿದಾಗ ಸಣ್ಣ ರೌಟರುಗಳ ಗರಿಷ್ಠ ವೇಗ ಗಣನೀಯವಾಗಿ ಇಳಿಯುತ್ತದೆ. 100 ಮೆಗಾಬಿಟ್‌ನ ಯೋಜನೆಗೆ ಅದು ಬಾಧಕವಲ್ಲ.

ಕೇಬಲ್, ವಿದ್ಯುತ್ತು, ಸಿಡಿಲು

ಕ್ಯಾಟ್5ಇ ಕೇಬಲ್ 100 ಮೀಟರ್ ದೂರದವರೆಗೆ ಗಿಗಾಬಿಟ್ ವೇಗ ಒಯ್ಯಬಲ್ಲದು. ಕ್ಯಾಟ್6 ಸಿಕ್ಕರೆ ಇನ್ನೂ ಒಳ್ಳೆಯದು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯ ಕೇಬಲ್ ಅಗ್ಗವಾಗಿರುತ್ತದೆ, ಸಿಸಿಎ ಎಂದು ಸಣ್ಣಕ್ಷರಗಳಲ್ಲಿ ಬರೆದಿರುತ್ತದೆ. ಅದು ಬೇಗ ಮುರಿಯುತ್ತದೆ, ಗೋಡೆಯೊಳಗೆ ಹಾಕಲು ಯೋಗ್ಯವಲ್ಲ. ಕೇಬಲ್ಲಿನಲ್ಲಿ ನಾಲ್ಕು ಜೋಡಿ ಎಳೆಗಳಿವೆ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಹೊಸ ರೌಟರ್ ತಂದರೂ ವೇಗ 94ರಲ್ಲೇ ನಿಂತಿದ್ದರೆ ಒಂದು ಜೋಡಿ ಕೂಡಿಲ್ಲವೆಂದು ಊಹಿಸಬಹುದು. ತುದಿಗೆ ಕನೆಕ್ಟರ್ ಹಾಕುವಾಗ ಕ್ಲಿಪ್ಪನ್ನು ಕೆಳಮುಖವಾಗಿ ಹಿಡಿದು ಎಡದಿಂದ ಬಲಕ್ಕೆ ಬಣ್ಣಗಳ ಕ್ರಮ ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗಳಲ್ಲಿ ಇದೇ ಕ್ರಮ.

ವಿದ್ಯುತ್ ಕಡಿತದ ಊರುಗಳಲ್ಲಿ ಮಿನಿ ಯುಪಿಎಸ್ ಉಪಯುಕ್ತ. ಕಂಪನಿಯ ಕೇಂದ್ರದಿಂದ ಮನೆಯವರೆಗಿನ ಫೈಬರಿನ ದಾರಿಯಲ್ಲಿ ಸಾಮಾನ್ಯವಾಗಿ ವಿದ್ಯುತ್ ಬೇಡುವ ಉಪಕರಣಗಳಿಲ್ಲ. ಕೇಂದ್ರದಲ್ಲಿ ವಿದ್ಯುತ್ತಿದ್ದು ಮನೆಯ ಎರಡು ಪೆಟ್ಟಿಗೆಗಳು ಉಸಿರಾಡುತ್ತಿದ್ದರೆ ಊರೆಲ್ಲ ಕತ್ತಲಾದರೂ ಪಾಠ ನಡೆಯುತ್ತದೆ. ಒಎನ್‌ಟಿ, ರೌಟರ್ ಎರಡರ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಯುಪಿಎಸ್ಸಿಗೆ ಹೊಂದಬೇಕು, ಆಂಪಿಯರ್‌ಗಳ ಮೊತ್ತ ಅದರ ಮಿತಿಯೊಳಗಿರಬೇಕು. ತಲಾ 12 ವೋಲ್ಟ್, 1 ಆಂಪಿಯರ್ ಇದ್ದರೆ 12 ವೋಲ್ಟಿನ 2 ಆಂಪಿಯರ್ ಯುಪಿಎಸ್ ಸಾಕು. ಬಿಡಿ ಅಡಾಪ್ಟರ್ ಕೊಳ್ಳುವುದಾದರೆ ಬಿಐಎಸ್ ನೋಂದಣಿಯ ಗುರುತಿರುವುದನ್ನೇ ಕೊಳ್ಳಬೇಕು.

ಕಾಸರಗೋಡು, ವಯನಾಡು, ನೀಲಗಿರಿಗಳಲ್ಲಿ ತುಲಾಮಳೆಯ ಸಿಡಿಲು ವರ್ಷವರ್ಷವೂ ಉಪಕರಣಗಳನ್ನು ಸುಡುತ್ತದೆ. ಗಾಜಿನ ಎಳೆ ಸಿಡಿಲನ್ನು ಒಯ್ಯುವುದಿಲ್ಲ, ಆದರೆ ಅದಕ್ಕೆ ಆಸರೆಯಾಗಿ ಇರುವ ಉಕ್ಕಿನ ತಂತಿ ಒಯ್ಯಬಲ್ಲದು. ಅದನ್ನು ಮನೆಯ ಹೊರಗೇ ಕತ್ತರಿಸಿ ಕಟ್ಟಿಸಬೇಕು. ಮನೆಯಿಂದ ಕೊಟ್ಟಿಗೆಗೋ ಪಕ್ಕದ ತಮ್ಮನ ಮನೆಗೋ ತಾಮ್ರದ ಕೇಬಲ್ಲನ್ನು ಬಯಲಿನಲ್ಲಿ ಎಳೆಯುವ ರೂಢಿ ಅಪಾಯಕಾರಿ. ಗುಡುಗು ಕೇಳಿದಾಗ ಪ್ಲಗ್ ತೆಗೆದರೆ ಸಾಲದು, ರೌಟರಿನಿಂದ ಹೊರಹೋಗುವ ಕೇಬಲ್ಲನ್ನೂ ಬಿಚ್ಚಬೇಕು.

ಜೋಡಿಸಿದ ದಿನವೇ ಮಾಡಬೇಕಾದುದು

ರೌಟರಿನೊಂದಿಗೆ ಬಂದ ಗುಪ್ತಪದವನ್ನು ಬದಲಿಸಬೇಕು, ಹೊರಗಿನಿಂದ ನಿಯಂತ್ರಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಸೌಲಭ್ಯವನ್ನು ಮುಚ್ಚಬೇಕು, ಫರ್ಮ್‌ವೇರ್ ನವೀಕರಿಸಬೇಕು. ಪಿಪಿಪಿಒಇ ಸಂಪರ್ಕದಲ್ಲಿ ಎಂಟಿಯು 1492 ಇದೆಯೇ ನೋಡಬೇಕು. ಕೆಲವು ತಾಣಗಳು ಮಾತ್ರ ತೆರೆಯದಿದ್ದರೆ ಕಾರಣ ಅಲ್ಲಿರಬಹುದು.

ಮಕ್ಕಳಿರುವ ಮನೆಯಲ್ಲಿ ಡಿಎನ್‌ಎಸ್ ವಿಳಾಸ ಬದಲಿಸುವುದು ಸುಲಭವಾದ ಕಾವಲು. ಕ್ಲೌಡ್‌ಫ್ಲೇರ್ ಸಂಸ್ಥೆ 2020ರಿಂದ ಕೊಡುತ್ತಿರುವ ಕುಟುಂಬದ ಸೇವೆಯ ವಿಳಾಸಗಳು 1.1.1.3 ಮತ್ತು 1.0.0.3, ಇವು ವಯಸ್ಕರ ತಾಣಗಳನ್ನೂ ಕುತಂತ್ರಾಂಶದ ತಾಣಗಳನ್ನೂ ತಡೆಯುತ್ತವೆ, ಹಣ ಕೊಡಬೇಕಿಲ್ಲ. ಐಪಿವಿ6 ಚಾಲ್ತಿಯಲ್ಲಿದ್ದರೆ 2606:4700:4700::1113 ಮತ್ತು 2606:4700:4700::1003 ಎಂಬವನ್ನೂ ನಮೂದಿಸಬೇಕು. ಇಲ್ಲವಾದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಮೊಬೈಲಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡರೆ ಈ ಕಾವಲು ತಪ್ಪುತ್ತದೆ ಎಂಬುದನ್ನು ದೊಡ್ಡ ಮಕ್ಕಳು ಬೇಗ ಕಂಡುಹಿಡಿಯುತ್ತಾರೆ.

ಕೊನೆಗೆ, ಹೊಂದಿಸಿದ ವಿವರಗಳ ಬ್ಯಾಕಪ್ ಕಡತವನ್ನು ರೌಟರಿನ ಪುಟದಿಂದಲೇ ಇಳಿಸಿ ಎರಡು ಕಡೆ ಉಳಿಸಬೇಕು. ಪೆಟ್ಟಿಗೆಯ ಹಿಂದಿರುವ ಸಣ್ಣ ರಂಧ್ರದ ರೀಸೆಟ್ ಗುಂಡಿಯನ್ನು ಯಾರಾದರೂ ಪಿನ್ನಿನಿಂದ ಒತ್ತಿ ಹಿಡಿದರೆ ಎಲ್ಲವೂ ಅಳಿಸಿಹೋಗುತ್ತದೆ. ಆಮೇಲೆ ತಂತ್ರಜ್ಞರು ಬರುವವರೆಗೆ ಕಾಯಬೇಕು. ಒಎನ್‌ಟಿ ಯಾವುದು, ರೌಟರ್ ಯಾವುದು, ಯಾವ ಕೇಬಲ್ ಯಾವ ಕೋಣೆಗೆ, ಆರಿಸಿ ಹಚ್ಚಲು ಯಾವ ಸ್ವಿಚ್ಚು, ಯಾವುದನ್ನು ಒತ್ತಬಾರದು ಎಂಬುದನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಗಳ ಮೇಲೆಯೇ ಅಂಟಿಸಿಡಬೇಕು. ತಂತ್ರಜ್ಞರಿಗಾಗಿ ಅದೇ ಚೀಟಿಯಲ್ಲಿ ರಾಜ್ಯಭಾಷೆಯ ಒಂದು ಸಾಲನ್ನೂ ಶಾಲೆಗೆ ಹೋಗುವ ಮಗುವಿನಿಂದಲೇ ಬರೆಸಬಹುದು.